ಪುಸ್ತಕದಂಗಡಿಯಲ್ಲಿ ಶ್ರುತಸೇವೆ

ಧರ್ಮಗ್ರಂಥವನ್ನು ಅಚ್ಚು ಹಾಕಿಸುವುದೇ ಪಾಪವೆಂದು ಶ್ರಾವಕರಲ್ಲಿ ಅನೇಕರು ನಂಬಿದ್ದ ಕಾಲವೊಂದಿತ್ತು. ಅಚ್ಚಿನ ಉರುಳೆಗೆ ಪ್ರಾಣಿಜನ್ಯವಾದ ಅಂಟು ಬಳಕೆಯಾಗುತ್ತದೆ, ಅಚ್ಚಾದ ಹಾಳೆ ಕಂಡಕಂಡವರ ಕೈಗೆ ಬಿದ್ದು ಜಿನವಾಣಿಗೆ ಅವಿನಯವಾಗುತ್ತದೆ ಎಂಬುದು ಅವರ ಆಕ್ಷೇಪ. ಅಹಿಂಸೆಯನ್ನೇ ನೆಚ್ಚಿದವರ ಈ ಅಳುಕನ್ನು ಬರಿಯ ಮೌಢ್ಯವೆಂದು ತಳ್ಳಿಹಾಕಲಾಗದು. ಆದರೆ ಭಂಡಾರಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಪ್ರತಿಗಳ ಗತಿಯೇನು?

ಈ ಇಕ್ಕಟ್ಟಿನ ನಡುವೆಯೇ ಪಂಡಿತ ನಾಥೂರಾಮ ಪ್ರೇಮಿಯವರ ಬಾಳು ಸಾಗಿತು. ಇಂದಿನ ಮಧ್ಯಪ್ರದೇಶದ ಸಾಗರ ಜಿಲ್ಲೆಯ ದೇವರಿಯಲ್ಲಿ 1881ರಲ್ಲಿ ಜನಿಸಿದ ಅವರು ಮುಂಬಯಿಗೆ ಬಂದು ಮೊದಲು ಗುಮಾಸ್ತರಾದರು. ಅನಂತರ ಪನ್ನಾಲಾಲ ಬಾಕಲೀವಾಲರ ಜೈನ ಗ್ರಂಥ ರತ್ನಾಕರ ಕಾರ್ಯಾಲಯದಲ್ಲಿ ದುಡಿದರು. ಗ್ರಂಥವೊಂದನ್ನು ಅಚ್ಚಿಗೆ ಅಣಿಗೊಳಿಸುವಾಗ ಏಳುವ ಪ್ರಶ್ನೆಗಳೇ ಅವರಿಗೆ ಪಾಠಶಾಲೆಯಾದವು: ಈ ಆಚಾರ್ಯರು ಯಾವ ಕಾಲದವರು, ಯಾವ ಸಂಘದವರು, ಎಲ್ಲಿ ಕುಳಿತು ಬರೆದರು? 1912ರಲ್ಲಿ ಅವರು ಹಿಂದೀ ಗ್ರಂಥ ರತ್ನಾಕರ ಕಾರ್ಯಾಲಯವನ್ನು ತೆರೆದರು. ಅದರ ಮೊದಲ ಪುಸ್ತಕ ಜೈನಗ್ರಂಥವಲ್ಲ. ಮಿಲ್ಲನ ಸ್ವಾತಂತ್ರ್ಯವಿಚಾರದ ಕೃತಿಗೆ ಮಹಾವೀರಪ್ರಸಾದ ದ್ವಿವೇದಿಯವರು ಮಾಡಿದ ಹಿಂದೀ ಅನುವಾದ.

ಧರ್ಮಗ್ರಂಥದಿಂದ ಲಾಭ ಪಡೆಯಬಹುದೆ? ಇದಕ್ಕೆ ಪ್ರೇಮಿಯವರ ಉತ್ತರ ಆಚರಣೆಯಲ್ಲಿತ್ತು. 1914ರಲ್ಲಿ ನಿಧನರಾದ ದಾನವೀರ ಸೇಠ್ ಮಾಣಿಕಚಂದರ ಸ್ಮರಣೆಯಲ್ಲಿ ನಡೆದ ಗ್ರಂಥಮಾಲೆಯ ಹೊಣೆ ಹೊತ್ತ ಅವರು ಅದರ ಪುಸ್ತಕಗಳನ್ನು ಅಸಲು ಬೆಲೆಗೇ ಕೊಟ್ಟರು. ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿದ ‘ವರಾಂಗಚರಿತ’ 1938ರಲ್ಲಿ ಹೊರಬಂದುದು ಈ ಮಾಲೆಯಲ್ಲಿಯೇ. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಎಂದರೆ ನಮ್ಮ ಮಳಖೇಡದಲ್ಲಿ, ಪುಷ್ಪದಂತನು ಅಪಭ್ರಂಶದಲ್ಲಿ ರಚಿಸಿದ ‘ಮಹಾಪುರಾಣ’ವೂ ಹಾಗೆಯೇ ಅಚ್ಚಿನ ಬೆಳಕು ಕಂಡಿತು. ಆರ್. ನರಸಿಂಹಾಚಾರ್ಯರ ‘ಕವಿಚರಿತೆ’ಯನ್ನು ಆಧರಿಸಿ ಕನ್ನಡದ ಜೈನಕವಿಗಳನ್ನು ಹಿಂದೀ ಓದುಗರಿಗೆ ಪರಿಚಯಿಸಿದವರೂ ಪ್ರೇಮಿಯವರೇ. ಈ ಋಣವನ್ನು ಕನ್ನಡಿಗರು ನೆನೆದದ್ದು ಕಡಿಮೆ.

ಅವರ ಬಿಡಿಲೇಖನಗಳು ‘ಜೈನ ಸಾಹಿತ್ಯ ಔರ್ ಇತಿಹಾಸ’ ಎಂಬ ಹೆಸರಿನಲ್ಲಿ 1942ರಲ್ಲಿ ಒಟ್ಟುಗೂಡಿದವು. ನಮ್ಮ ‘ವಡ್ಡಾರಾಧನೆ’ಯ ಕಥೆಗಳಿಗೆ ಮೂಲವಾದ ಗಾಹೆಗಳುಳ್ಳ ‘ಆರಾಧನೆ’ಯ ಕರ್ತೃ ಶಿವಾರ್ಯರು ಯಾಪನೀಯ ಸಂಘದವರೆಂದು ಪ್ರೇಮಿಯವರು ಅದರಲ್ಲಿ ವಾದಿಸಿದರು. ತಮ್ಮವರೆಂದೇ ಪೂಜಿಸುತ್ತಿದ್ದ ಆಚಾರ್ಯರನ್ನು ಮರೆಯಾಗಿಹೋದ ಬೇರೊಂದು ಸಂಘಕ್ಕೆ ಸೇರಿಸುವುದು ದಿಗಂಬರ ಶ್ರಾವಕರಿಗೆ ರುಚಿಸುವ ಮಾತಲ್ಲ. ಅವರ ಜೈನಗ್ರಂಥಗಳನ್ನು ಕೊಳ್ಳುವವರಾದರೋ ಬಹುಮಟ್ಟಿಗೆ ಆ ಶ್ರಾವಕರೇ.

ಮರುವರ್ಷವೇ ಅವರು ಬನಾರಸೀದಾಸರ ‘ಅರ್ಧಕಥಾನಕ’ವನ್ನು ಸಂಪಾದಿಸಿ ಹೊರತಂದರು. ಅದು ವರ್ತಕನೊಬ್ಬನು ತನ್ನ ನಷ್ಟಗಳನ್ನೂ ದೋಷಗಳನ್ನೂ ಮುಚ್ಚಿಡದೆ 1641ರಲ್ಲಿ ಬರೆದುಕೊಂಡ ಆತ್ಮಕಥೆ.