ಸೂಟಿ ಓದು, ಭಾಗ 3: ಸಾಹಸದ ಕಥಿ ನಮ್ಮ ಜಿಲ್ಲಾದಾಗೂ ಹುಟ್ಟ್ಯಾವ

ದೋಸ್ತ್ರ, ತಮ್ಮ-ತಂಗೇರ, ಸಾಹಸದ ಕಥಿ ಅಂದ್ರ ಇಂಗ್ಲಿಷಿನ್ಯಾಗ ಅಷ್ಟ ಅನ್ಕೊಂಡೀರೇನು? ನಮ್ಮ ನಾಗಾವಿ ಇರೋ ಗದಗ ಜಿಲ್ಲೆಯಲ್ಲೇ, ರೋಣ ತಾಲೂಕಿನ ಸವಡಿಯವನು ದುರ್ಗಸಿಂಹ. ಚಾಲುಕ್ಯ ದೊರೆ ಜಯಸಿಂಹನ ಸಂಧಿವಿಗ್ರಹಿ, ಅಂದ್ರ ಯುದ್ಧ-ಒಪ್ಪಂದ ನೋಡ್ಕೊಳ್ಳೋ ಮಂತ್ರಿ. ಸುಮಾರು 1031ರಲ್ಲಿ ಕನ್ನಡದಾಗ ‘ಪಂಚತಂತ್ರ’ ಬರೆದ. ವಿಷ್ಣುಶರ್ಮನ ಪಾಠ ಬಿಟ್ಟು ವಸುಭಾಗಭಟ್ಟನ ಸಂಸ್ಕೃತ ಪಾಠ ಹಿಡಿದ. ಈ ಕಥೆಗಳಲ್ಲಿ ಬರೇ ಬಲ ನಡೆಯೋದಿಲ್ಲ, ಬುದ್ಧಿ ಬೇಕು.

ಸುಮಾರು 950 ವರ್ಷ ಕಳೆದು, 1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. ಹಾರುವ ಓತಿ ಹುಡುಕ್ಕೊಂತ ಮಲೆನಾಡಿನ ಕಾಡಿಗೆ ಹೊಂಟ ತಂಡದಾಗ ದೊಡ್ಡ ವಿಜ್ಞಾನಿ ಇದಾರ. ಆದ್ರ ಅದನ್ನ ಕಣ್ಣಾರೆ ಕಂಡವ ಹಳ್ಳಿಯ ಮಂದಣ್ಣ. ಊರಿಗೆ ಲೆಕ್ಕಕ್ಕಿಲ್ಲದವನ ಮಾತನ್ನ ವಿಜ್ಞಾನಿ ನಂಬ್ತಾರ. ಇಲ್ಲಿ ಡಿಗ್ರಿಗಿಂತ ಕಣ್ಣು ದೊಡ್ಡದು.

ಸಣ್ಣವರು ಸರಳ ಕನ್ನಡದ ಪಂಚತಂತ್ರ ಹಿಡೀರಿ, ದುರ್ಗಸಿಂಹನ ಹಳಗನ್ನಡ ಆಮೇಲೆ. ಹೈಸ್ಕೂಲಿನವರು ‘ಕರ್ವಾಲೊ’, ಪಿಯುಸಿಯವರು ‘ಜುಗಾರಿ ಕ್ರಾಸ್’.

ರೊಕ್ಕದ ಚಿಂತಿ ಬ್ಯಾಡ. 2020ರಲ್ಲಿ ‘ಓದುವ ಬೆಳಕು’ ಶುರುವಾದಾಗಿಂದ ಗ್ರಾಮ ಪಂಚಾಯತಿ ಗ್ರಂಥಾಲಯದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ. ಪುಸ್ತಕ ಇಲ್ಲಾಂದ್ರ ತರಿಸ್ರಿ ಅಂತ ಹೆಸರು ಹೇಳಿ ಕೇಳ್ರಿ. ಕೇಳೋ ಹುಡುಗರಿದ್ರನ ಕಪಾಟಿಗೆ ಕಥಿ ಬರ್ತಾವ, ಇಲ್ಲಾಂದ್ರ ಬರೇ ಗೈಡ್ ತುಂಬ್ತಾವ.