ಹುಳ ತಿನ್ನುವ ಗಿಡ: ನಂಬೋಕೆ ನೂರಿಪ್ಪತ್ತು ವರ್ಷ ಬೇಕಾಯ್ತು

ಮಳೆ ಜಾಸ್ತಿಯಾದಲ್ಲಿ ಗೊಬ್ಬರ ನಿಲ್ಲುವುದಿಲ್ಲ. ಕೊಡಗಿನ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವರ್ಷಕ್ಕೆ ನೂರು ಇಂಚು ದಾಟುವ ಮಳೆಯಲ್ಲಿ ಕಾಫಿಗೆ ಯಾವಾಗ ಗೊಬ್ಬರ ಹಾಕಬೇಕು, ಯಾವಾಗ ಹಾಕಿದರೆ ಹೊಳೆಪಾಲು ಎಂಬ ಲೆಕ್ಕ ಎಲ್ಲರಿಗೂ ಗೊತ್ತು.

ಆದರೆ ಬ್ರಹ್ಮಗಿರಿ, ಪುಷ್ಪಗಿರಿ, ತಡಿಯಂಡಮೋಳ್ ಬೆಟ್ಟಗಳ ನೆತ್ತಿಯಲ್ಲಿ ಬೆಳೆಯುವ ಗಿಡಗಳಿಗೆ ಗೊಬ್ಬರ ಹಾಕುವವರು ಯಾರು? ಅಲ್ಲಿ ಬಂಡೆಯ ಮೇಲೆ ನಾಲ್ಕು ಬೆರಳು ಮಣ್ಣು. ಅದರಲ್ಲಿರುವ ಸಾರಜನಕವನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಅಂಥ ಜಾಗದ ಕೆಲವು ಗಿಡಗಳು ಮಣ್ಣಿನಲ್ಲಿ ಸಿಗದ್ದನ್ನು ಹುಳುಗಳಿಂದ ವಸೂಲಿ ಮಾಡುತ್ತವೆ.

ಕೀಟಾಹಾರಿ ಸಸ್ಯ ಎಂದರೆ ಶಾಲೆಯ ಪುಸ್ತಕದ ಹೂಜಿ ಗಿಡ ನೆನಪಾಗಬಹುದು. ಅದು ನಮ್ಮ ಕಡೆಯದಲ್ಲ. ಭಾರತದಲ್ಲಿ ಅದು ತಾನಾಗಿ ಬೆಳೆಯುವುದು ಮೇಘಾಲಯದ ಬೆಟ್ಟಗಳಲ್ಲಿ. ನಮ್ಮ ಪಶ್ಚಿಮ ಘಟ್ಟದಲ್ಲಿರುವುದು ಬೇರೆ ಎರಡು ಬಳಗ: ಡ್ರೊಸೆರಾ ಮತ್ತು ಯುಟ್ರಿಕ್ಯುಲೇರಿಯಾ.

ಎತ್ತರದ ಹುಲ್ಲುಗಾವಲಿನ ಡ್ರೊಸೆರಾ ಮಳೆಗಾಲದಲ್ಲಿ ನೆಲದೊಳಗಿನ ಪುಟ್ಟ ಗೆಡ್ಡೆಯಿಂದ ಚಿಗುರುತ್ತದೆ. ಎಲೆ ಅರ್ಧಚಂದ್ರದ ಹಾಗೆ. ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಹನಿ. ಅದು ಇಬ್ಬನಿಯಲ್ಲ, ಹಲಸಿನ ಮೇಣದಂಥ ಅಂಟು. ಕೂತ ಸೊಳ್ಳೆ ಏಳಲಾರದು. ಒದ್ದಾಡಿದಷ್ಟೂ ಅಕ್ಕಪಕ್ಕದ ಕೂದಲುಗಳು ಬಾಗಿ ಬಂದು ಒತ್ತಿ ಹಿಡಿಯುತ್ತವೆ. ಆಮೇಲೆ ಎಲೆ ರಸ ಸುರಿಸಿ ಅದನ್ನು ಕರಗಿಸಿ ಹೀರುತ್ತದೆ.

ಈ ಗಿಡ ವಿಜ್ಞಾನಿಗಳಿಗೆ ಹೊಸದೇನಲ್ಲ. ಸ್ವೀಡನ್ನಿನ ಲಿನೇಯಸ್ 1753ರಲ್ಲೇ ಈ ಬಳಗದ ಒಂದಕ್ಕೆ ಡ್ರೊಸೆರಾ ಇಂಡಿಕಾ ಎಂದು ನಮ್ಮ ದೇಶದ ಹೆಸರಿಟ್ಟಿದ್ದ. ಹೆಸರು ಸಿಕ್ಕಿತು, ಆದರೆ ಗಿಡ ಏನು ಮಾಡುತ್ತದೆ ಎಂಬುದು ಯಾರ ತಲೆಗೂ ಹೋಗಲಿಲ್ಲ. 1769ರಲ್ಲಿ ಜಾನ್ ಎಲ್ಲಿಸ್ ಎಂಬ ಇಂಗ್ಲಿಷ್ ವ್ಯಾಪಾರಿ ಅಮೆರಿಕದ ನೊಣ ಹಿಡಿಯುವ ಗಿಡವೊಂದರ ಬಗ್ಗೆ ಬರೆದು, ಇದು ಆಹಾರಕ್ಕಾಗಿಯೇ ಹುಳ ಹಿಡಿಯುತ್ತಿರಬಹುದು ಎಂದ. ಲಿನೇಯಸ್ ಒಪ್ಪಲಿಲ್ಲ. ನಮ್ಮ ಮುಟ್ಟಿದರೆ ಮುನಿಯಂತೆ ಎಲೆ ಸುಮ್ಮನೆ ಮುದುಡುತ್ತದೆ, ಹುಳ ಅಲ್ಲಾಡುವುದು ನಿಂತರೆ ಬಿಟ್ಟುಬಿಡುತ್ತದೆ ಎಂಬುದು ಅವನ ವಾದ. ಪ್ರಾಣಿ ಗಿಡವನ್ನು ತಿನ್ನಬೇಕು, ಗಿಡ ಪ್ರಾಣಿಯನ್ನು ತಿನ್ನುವುದುಂಟೆ!

1860ರಲ್ಲಿ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಜೌಗು ನೆಲದಲ್ಲಿ ಡ್ರೊಸೆರಾ ನೋಡಿದ. ಎಲೆಗಳಿಗೆ ಅಷ್ಟೊಂದು ಹುಳುಗಳು ಅಂಟಿದ್ದು ಅವನ ನಿದ್ದೆ ಕೆಡಿಸಿತು. ಮಾಂಸದ ಚೂರು, ಮೊಟ್ಟೆಯ ಬಿಳಿ, ಹಾಲು, ಗಾಜಿನ ಪುಡಿ, ಹೀಗೆ ಏನೇನೋ ಎಲೆಯ ಮೇಲಿಟ್ಟು ನೋಡಿದ. ಗಾಜು ಇಟ್ಟರೆ ಕೂದಲು ಸ್ವಲ್ಪ ಬಾಗಿ ಬೇಗನೇ ಬಿಟ್ಟುಬಿಡುತ್ತಿತ್ತು. ಮಾಂಸವಾದರೆ ದಿನಗಟ್ಟಲೆ ಬಿಡುತ್ತಿರಲಿಲ್ಲ. ಎಷ್ಟು ಜೋರಾಗಿ ನೀರಿನ ಹನಿ ಬಿದ್ದರೂ ಅಲುಗುತ್ತಿರಲಿಲ್ಲ. ಕೊಡಗಿನ ಮಳೆಯಲ್ಲಿ ಬದುಕುವ ಗಿಡಕ್ಕೆ ಈ ವಿವೇಕ ಇರಲೇಬೇಕಲ್ಲ! ಹದಿನೈದು ವರ್ಷದ ಈ ಕೆಲಸ 1875ರಲ್ಲಿ ಪುಸ್ತಕವಾಯಿತು. 1877ರಲ್ಲಿ ಅವನ ಮಗ ಫ್ರಾನ್ಸಿಸ್ ಕೆಲವು ಗಿಡಗಳಿಗೆ ಮಾಂಸ ಉಣಿಸಿ, ಕೆಲವಕ್ಕೆ ಏನೂ ಕೊಡದೆ ಬೆಳೆಸಿದ. ಉಂಡವು ಎರಡು ಪಟ್ಟಿಗೂ ಹೆಚ್ಚು ಬೀಜ ಕೊಟ್ಟವು. ವಾದ ಮುಗಿಯಿತು.

ಯುಟ್ರಿಕ್ಯುಲೇರಿಯಾದ ಕಥೆ ಇನ್ನೂ ಸ್ವಾರಸ್ಯ. ಘಟ್ಟದ ಕೆಳಗೆ ಕಣ್ಣೂರಿನವರು ಓಣಂ ಪೂಕಳಕ್ಕೆ ತರುವ ನೀಲಿ ಕಾಕ್ಕಪ್ಪೂವ್ ಇದೇ ಬಳಗದ್ದು. ಇವು ಗದ್ದೆಯ ಬದುಗಳಲ್ಲಿ, ನೀರು ಜಿನುಗುವ ಬಂಡೆಗಳಲ್ಲಿ ಬೆಳೆಯುತ್ತವೆ. ಮೇಲೆ ಹೂವು, ಕೆಸರೊಳಗೆ ಸಾಸಿವೆ ಕಾಳಿಗಿಂತ ಚಿಕ್ಕ ಚೀಲಗಳು. ಹುಳ ತಾನೇ ಬಾಗಿಲು ನೂಕಿಕೊಂಡು ಚೀಲದೊಳಗೆ ಹೋಗುತ್ತದೆ ಎಂದು ಡಾರ್ವಿನ್ ತಿಳಿದ. ನಾವು ಮೀನಿಗೆ ಇಡುವ ಕೂಳಿಯ ಹಾಗೆ ಅನ್ನಿ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಮೇರಿ ಟ್ರೀಟ್ ಎಂಬ ಮಹಿಳೆ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂತು, ಹುಳ ಹೋಗುವುದಲ್ಲ, ಚೀಲವೇ ಒಳಗೆ ಎಳೆದುಕೊಳ್ಳುತ್ತದೆ ಎಂದು ಕಂಡಳು. ಅವಳದೇ ಸರಿ. ಚೀಲ ಮೊದಲು ತನ್ನೊಳಗಿನ ನೀರನ್ನು ಹೊರಹಾಕಿ ಕೆನ್ನೆ ಒಳಕ್ಕೆಳೆದುಕೊಂಡು ಕಾಯುತ್ತದೆ. ಬಾಗಿಲ ಕೂದಲಿಗೆ ಹುಳ ತಾಗಿದರೆ ಬಾಗಿಲು ತೆರೆದು ನೀರೂ ಹುಳವೂ ಒಟ್ಟಿಗೆ ಒಳಗೆ! 2011ರಲ್ಲಿ ಫ್ರಾನ್ಸಿನವರು ಅತಿವೇಗದ ಕ್ಯಾಮರಾದಲ್ಲಿ ಅಳೆದಾಗ, ಈ ಎಳೆತಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಾಗಲಿಲ್ಲ.

ಡಾರ್ವಿನ್ ಗಿಡಕ್ಕೆ ಮಾಂಸ ಉಣಿಸುತ್ತಿದ್ದ ಕಾಲದಲ್ಲಿ ಇಲ್ಲಿ ಏನಾಗುತ್ತಿತ್ತು? 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ಎಸ್ಟೇಟ್ ಶುರುವಾಗಿತ್ತು. ನಂತರದ ವರ್ಷಗಳಲ್ಲಿ ಕಾಡಿನ ಜಾಗಕ್ಕೆ ಕಾಫಿ ಬಂತು. ಆದರೆ ಗಾಳಿ ಹೊಡೆಯುವ ನೆತ್ತಿಯ ಬೋಳು ಹುಲ್ಲುಗಾವಲು ಕಾಫಿಗೆ ಬೇಡವಾಗಿತ್ತು, ಏಲಕ್ಕಿಗೂ ಬೇಡವಾಗಿತ್ತು. ಯಾರಿಗೂ ಬೇಡದ ಜಾಗವೇ ಈ ಗಿಡಗಳನ್ನು ಉಳಿಸಿತು.

ಈಗ ಅದೇ ಬೋಳು ನೆತ್ತಿಗೆ ಬೆಲೆ ಬಂದಿದೆ. ಮಂಜು ನೋಡಲು ಜನ ಬರುತ್ತಾರೆ, ಬರಲಿ. ಆದರೆ ನಾಲ್ಕು ಬೆರಳು ಮಣ್ಣಿನ ಮೇಲೆ ಜೀಪಿನ ಚಕ್ರ ಹರಿದರೆ, ದಾರಿ ಬಿಟ್ಟು ಸಾವಿರ ಕಾಲು ತುಳಿದರೆ ಆ ಮಣ್ಣು ಒಂದೇ ಮಳೆಗೆ ಕೆಳಗೆ ಹೋಗುತ್ತದೆ. ಕೆಳಗೆ ಗದ್ದೆಗಳು ಪಾಳು ಬೀಳುತ್ತಿವೆ, ಮಣ್ಣು ತುಂಬಿ ಸೈಟಾಗುತ್ತಿವೆ. ಬದುವಿನ ನೀಲಿ ಹೂವಿಗೆ ಜಾಗವಿಲ್ಲ. ಗೊಬ್ಬರದ ನೀರು ಹರಿದು ಬಂದರೂ ಕಷ್ಟವೇ. ಕಳೆ ಸೊಂಪಾಗಿ ಬೆಳೆದು ಈ ಪುಟ್ಟ ಗಿಡಗಳನ್ನು ಮುಚ್ಚಿಬಿಡುತ್ತದೆ. ಬಡ ಮಣ್ಣಿನಲ್ಲಿ ಬದುಕಲು ಕಲಿತದ್ದಕ್ಕೆ ಶ್ರೀಮಂತ ಮಣ್ಣೇ ಶತ್ರು.

ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪು ಹುಡುಕುವ ನಾಡು ನಮ್ಮದು. ಸೊಪ್ಪಿನ ಬೆಲೆ ನಮಗೆ ಗೊತ್ತು. ಮುಂದಿನ ಮಳೆಗಾಲದಲ್ಲಿ ಬೆಟ್ಟ ಹತ್ತಿದರೆ ಹೆಜ್ಜೆ ಇಡುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಮಳೆ ನಿಂತ ಮೇಲೂ ಕೆಂಪಗೆ ಹೊಳೆಯುವ ಹನಿ ಕಂಡರೆ ಕಾಲು ಪಕ್ಕಕ್ಕಿಡಿ. ಫೋಟೋ ತೆಗೆಯಿರಿ, ಕಿತ್ತು ತರಬೇಡಿ. ಮನೆಯ ಕುಂಡದ ಗೊಬ್ಬರದ ಮಣ್ಣಿನಲ್ಲಿ ಅದು ಬದುಕುವುದಿಲ್ಲ.