ಎಡ್ಯುರೋಮ್

ಎಡ್ಯುರೋಮ್ ಎಂಬುದು ವಿಶ್ವವಿದ್ಯಾಲಯಗಳ ಹಾಗೂ ಸಂಶೋಧನಾ ಸಂಸ್ಥೆಗಳ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಿಬ್ಬಂದಿ ತಮ್ಮ ಸಂಸ್ಥೆ ನೀಡಿದ ಒಂದೇ ಗುರುತಿನಿಂದ ಜಗತ್ತಿನ ಯಾವುದೇ ಸದಸ್ಯ ಸಂಸ್ಥೆಯ ಆವರಣದಲ್ಲಿ ವೈ-ಫೈ ಸಂಪರ್ಕ ಪಡೆಯಲು ಅನುವು ಮಾಡಿಕೊಡುವ ಅಂತಾರಾಷ್ಟ್ರೀಯ ವ್ಯವಸ್ಥೆ. ಶಿಕ್ಷಣವನ್ನು ಸೂಚಿಸುವ ಎಜುಕೇಶನ್ ಮತ್ತು ಸಂಚಾರವನ್ನು ಸೂಚಿಸುವ ರೋಮಿಂಗ್ ಎಂಬ ಎರಡು ಪದಗಳಿಂದ ಈ ಹೆಸರು ಬಂದಿದೆ. ಎಲ್ಲ ಸದಸ್ಯ ಸಂಸ್ಥೆಗಳೂ ತಮ್ಮ ನಿಸ್ತಂತು ಜಾಲಕ್ಕೆ ಇದೇ ಹೆಸರನ್ನು ಇಡುವುದರಿಂದ, ಒಮ್ಮೆ ಸಿದ್ಧಪಡಿಸಿದ ಫೋನು ಅಥವಾ ಲ್ಯಾಪ್‌ಟಾಪ್ ಬೇರೊಂದು ದೇಶದ ವಿಶ್ವವಿದ್ಯಾಲಯದಲ್ಲಿಯೂ ಬಳಕೆದಾರನನ್ನು ಏನೂ ಕೇಳದೆ ತಾನಾಗಿಯೇ ಜಾಲಕ್ಕೆ ಸೇರಿಕೊಳ್ಳುತ್ತದೆ. ನೂರಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳಲ್ಲಿ ಈ ಸೇವೆ ಲಭ್ಯವಿದೆ. ಭಾರತದಲ್ಲಿ ಇದರ ನಿರ್ವಹಣೆ ಅರ್ನೆಟ್ ಇಂಡಿಯಾ ಸಂಸ್ಥೆಯದು.

ಹಿನ್ನೆಲೆ

ವಿಶ್ವವಿದ್ಯಾಲಯಗಳಿಗೂ ನಿಸ್ತಂತು ಜಾಲಕ್ಕೂ ಇರುವ ನಂಟು ವೈ-ಫೈಗಿಂತ ಹಳೆಯದು. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಾಮ್ಸನ್ ಮತ್ತು ಸಂಗಡಿಗರು ರೂಪಿಸಿದ ಅಲೋಹಾನೆಟ್ 1971ರಲ್ಲಿ ದ್ವೀಪಗಳ ನಡುವೆ ರೇಡಿಯೋ ತರಂಗಗಳ ಮೂಲಕ ಗಣಕಗಳನ್ನು ಬೆಸೆಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಆರಂಭವಾದ ವೈರ್‌ಲೆಸ್ ಆಂಡ್ರ್ಯೂ ಯೋಜನೆಯು ಆವರಣವ್ಯಾಪಿ ನಿಸ್ತಂತು ಜಾಲಗಳಿಗೆ ಮಾದರಿಯಾಯಿತು. ವೈ-ಫೈನ ಮೂಲ ಮಾನಕವಾದ 802.11 ಪ್ರಕಟವಾದದ್ದು ಅದಾದ ಮೇಲೆ, 1997ರಲ್ಲಿ.

2000ದ ದಶಕದ ಆರಂಭದ ಹೊತ್ತಿಗೆ ಅನೇಕ ವಿಶ್ವವಿದ್ಯಾಲಯಗಳು ಸ್ವಂತ ವೈ-ಫೈ ಹೊಂದಿದ್ದವು. ಆದರೆ ವಿಚಾರ ಸಂಕಿರಣಕ್ಕೆ ಬಂದ ಅತಿಥಿಗೆ ಸಂಪರ್ಕ ಬೇಕಾದರೆ ಕಚೇರಿಯಲ್ಲಿ ಅರ್ಜಿ ತುಂಬಿ ತಾತ್ಕಾಲಿಕ ಗುಪ್ತಪದ ಪಡೆಯಬೇಕಿತ್ತು. ಈ ತೊಡಕಿಗೆ ಪರಿಹಾರವಾಗಿ ನೆದರ್ಲೆಂಡ್ಸ್‌ನ ಶೈಕ್ಷಣಿಕ ಜಾಲ ಸಂಸ್ಥೆಯಾದ ಸರ್ಫ್‌ನೆಟ್‌ನ ಕ್ಲಾಸ್ ವೀರೆಂಗಾ 2002ರಲ್ಲಿ ಒಂದು ಪ್ರಸ್ತಾವವನ್ನು ಮುಂದಿಟ್ಟರು. ಯೂರೋಪಿನ ಶೈಕ್ಷಣಿಕ ಜಾಲಗಳ ಒಕ್ಕೂಟವಾದ ಟೆರೆನಾ ಇದನ್ನು ಕೈಗೆತ್ತಿಕೊಂಡಿತು. ನೆದರ್ಲೆಂಡ್ಸ್, ಫಿನ್ಲೆಂಡ್, ಪೋರ್ಚುಗಲ್, ಕ್ರೊಯೇಷಿಯಾ ಮತ್ತು ಬ್ರಿಟನ್ನಿನ ಸಂಸ್ಥೆಗಳ ನಡುವೆ ಪ್ರಯೋಗಗಳು ನಡೆದವು. 2004ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಸೇರಿ, ಯೂರೋಪಿನಾಚೆಯ ಮೊದಲ ಸದಸ್ಯ ದೇಶವೆನಿಸಿತು. ಟೆರೆನಾ 2014ರಲ್ಲಿ ಜಿಯಾಂಟ್ ಸಂಸ್ಥೆಯ ಭಾಗವಾಯಿತು. ವ್ಯವಸ್ಥೆಯ ತಾಂತ್ರಿಕ ವಿನ್ಯಾಸವನ್ನು 2015ರಲ್ಲಿ ಹೊರಬಂದ ಆರ್‌ಎಫ್‌ಸಿ 7593 ಎಂಬ ದಾಖಲೆ ವಿವರಿಸುತ್ತದೆ.

ಕಾರ್ಯವಿಧಾನ

ಎಡ್ಯುರೋಮ್‌ನ ಮೂಲ ತತ್ತ್ವ ಸರಳವಾದುದು: ಬಳಕೆದಾರ ಯಾರೆಂಬುದನ್ನು ನಿರ್ಧರಿಸುವುದು ತವರು ಸಂಸ್ಥೆಯ ಹೊಣೆ, ಅಂತರಜಾಲವನ್ನು ಒದಗಿಸುವುದು ಆತಿಥೇಯ ಸಂಸ್ಥೆಯ ಹೊಣೆ. ಗುಪ್ತಪದವನ್ನು ತವರು ಸಂಸ್ಥೆಯಲ್ಲದೆ ಬೇರೆ ಯಾರೂ ಕಾಣಬಾರದು.

ಬಳಕೆದಾರ ಹೆಸರು ಮಿಂಚಂಚೆ ವಿಳಾಸದ ರೂಪದಲ್ಲಿರುತ್ತದೆ. ಅದರಲ್ಲಿ @ ಚಿಹ್ನೆಯ ನಂತರ ಬರುವ ಭಾಗವನ್ನು ರೆಲ್ಮ್ ಎನ್ನುತ್ತಾರೆ. ಬೆಂಗಳೂರಿನ ಸಂಸ್ಥೆಯೊಂದರ ಸಂಶೋಧನಾ ವಿದ್ಯಾರ್ಥಿನಿ ಜರ್ಮನಿಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಲ್ಯಾಪ್‌ಟಾಪ್ ತೆರೆದಳೆಂದುಕೊಳ್ಳೋಣ. ಅಲ್ಲಿನ ಆಕ್ಸೆಸ್ ಪಾಯಿಂಟ್ 802.1ಎಕ್ಸ್ ಮಾನಕದ ಪ್ರಕಾರ ಅವಳ ಕೋರಿಕೆಯನ್ನು ಆ ವಿಶ್ವವಿದ್ಯಾಲಯದ ರೇಡಿಯಸ್ ಸರ್ವರ್‌ಗೆ ಕಳುಹಿಸುತ್ತದೆ. ರೆಲ್ಮ್ ತನ್ನದಲ್ಲವೆಂದು ಕಂಡ ಆ ಸರ್ವರ್ ಕೋರಿಕೆಯನ್ನು ಜರ್ಮನಿಯ ರಾಷ್ಟ್ರೀಯ ಸರ್ವರ್‌ಗೆ ರವಾನಿಸುತ್ತದೆ. ರೆಲ್ಮ್‌ನ ಕೊನೆಯಲ್ಲಿ ಭಾರತದ ಸೂಚಕವಾದ 'ಇನ್' ಇರುವುದರಿಂದ ಕೋರಿಕೆ ಅಲ್ಲಿಂದ ಮೇಲ್ಮಟ್ಟದ ಸರ್ವರ್‌ಗಳಿಗೆ ಹೋಗುತ್ತದೆ. ಯೂರೋಪಿಗೆ ಸೇವೆ ನೀಡುವ ಇಂಥ ಸರ್ವರ್‌ಗಳು ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕ್‌ನಲ್ಲಿಯೂ, ಏಷ್ಯಾ-ಪೆಸಿಫಿಕ್ ವಲಯದವು ಆಸ್ಟ್ರೇಲಿಯಾ ಮತ್ತು ಹಾಂಗ್‌ಕಾಂಗ್‌ನಲ್ಲಿಯೂ ಇವೆ. ಕೊನೆಗೆ ಕೋರಿಕೆ ಅರ್ನೆಟ್‌ನ ಮೂಲಕ ಬೆಂಗಳೂರಿನ ತವರು ಸಂಸ್ಥೆಯನ್ನು ಮುಟ್ಟುತ್ತದೆ. ಒಪ್ಪಿಗೆಯ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಇಷ್ಟೆಲ್ಲ ನಡೆಯಲು ಸಾಮಾನ್ಯವಾಗಿ ಕೆಲವು ಕ್ಷಣಗಳು ಸಾಕು.

ಈ ಹಾದಿಯುದ್ದಕ್ಕೂ ಸಾಗುವುದು ಮುಚ್ಚಿದ ಲಕೋಟೆ. ವಿದ್ಯಾರ್ಥಿನಿಯ ಸಾಧನಕ್ಕೂ ತವರು ಸಂಸ್ಥೆಯ ಸರ್ವರ್‌ಗೂ ನಡುವೆ ಮೊದಲು ಟಿಎಲ್‌ಎಸ್ ಎಂಬ ಗೂಢಲಿಪಿಯ ಸುರಂಗವೊಂದು ಏರ್ಪಟ್ಟು, ಗುಪ್ತಪದದ ಪರಿಶೀಲನೆ ಅದರೊಳಗೆ ನಡೆಯುತ್ತದೆ. ನಡುವಿನ ಸರ್ವರ್‌ಗಳಿಗೆ ಕಾಣುವುದು ಲಕೋಟೆಯ ಮೇಲಿನ ವಿಳಾಸ ಮಾತ್ರ. ಅದರಲ್ಲಿಯೂ ನಿಜನಾಮದ ಬದಲು 'ಅನಾಮಿಕ' ಎಂಬರ್ಥದ ಹೆಸರನ್ನು ರೆಲ್ಮ್‌ಗೆ ಜೋಡಿಸಿ ಕೊಡಲು ಅವಕಾಶವಿದೆ.

ಗುರುತು ದೃಢಪಟ್ಟ ಮೇಲೆ ಅಂತರಜಾಲದ ದಟ್ಟಣೆ ತವರಿಗೆ ಹೋಗುವುದಿಲ್ಲ, ಆತಿಥೇಯ ಸಂಸ್ಥೆಯಿಂದಲೇ ನೇರವಾಗಿ ಹೊರಗೆ ಸಾಗುತ್ತದೆ. ಇದನ್ನು ಅರಿಯದೆ ಅನೇಕರು ಗೊಂದಲಕ್ಕೊಳಗಾಗುತ್ತಾರೆ. ತವರು ಸಂಸ್ಥೆ ಚಂದಾದಾರವಾಗಿರುವ ಪತ್ರಿಕೆಗಳು ಪರಸ್ಥಳದ ಎಡ್ಯುರೋಮ್‌ನಲ್ಲಿ ತೆರೆಯದಿದ್ದರೆ ಅದು ದೋಷವಲ್ಲ. ಪ್ರಕಾಶಕರ ಜಾಲತಾಣ ನೋಡುವುದು ಆತಿಥೇಯ ಸಂಸ್ಥೆಯ ಐಪಿ ವಿಳಾಸವನ್ನು. ಅಂಥ ಸಂದರ್ಭದಲ್ಲಿ ತವರು ಸಂಸ್ಥೆಯ ವಿಪಿಎನ್ ಅಥವಾ ದೂರಪ್ರವೇಶ ಸೌಲಭ್ಯವನ್ನು ಬಳಸಬೇಕಾಗುತ್ತದೆ.

ಸಂಪರ್ಕ ಪಡೆಯುವ ಕ್ರಮ

ಹೊಸ ಸಾಧನವನ್ನು ಪ್ರಯಾಣಕ್ಕೆ ಮೊದಲೇ ತವರು ಸಂಸ್ಥೆಯ ಆವರಣದಲ್ಲಿ ಸಿದ್ಧಪಡಿಸಿ ಪರೀಕ್ಷಿಸುವುದು ಉತ್ತಮ. ಪರದೇಶಕ್ಕೆ ಹೋದ ಮೇಲೆ ತೊಂದರೆಯಾದರೆ ಆತಿಥೇಯ ಸಂಸ್ಥೆಯವರು ಮಾಡಬಹುದಾದದ್ದು ಅಲ್ಪ, ಏಕೆಂದರೆ ಖಾತೆ ಅವರದಲ್ಲ. ಇದಕ್ಕಾಗಿ ಜಿಯಾಂಟ್ ಒದಗಿಸುವ ಕ್ಯಾಟ್ ಎಂಬ ಉಪಕರಣ ಅಥವಾ ಗೆಟ್‌ಎಡ್ಯುರೋಮ್ ಎಂಬ ಆ್ಯಪ್‌ನಲ್ಲಿ ತಮ್ಮ ಸಂಸ್ಥೆಯ ಹೆಸರನ್ನು ಆರಿಸಿದರೆ, ಆ ಸಂಸ್ಥೆ ತನ್ನ ವಿವರಗಳನ್ನು ಅಲ್ಲಿ ದಾಖಲಿಸಿದ್ದಲ್ಲಿ, ಬೇಕಾದ ಎಲ್ಲ ಆಯ್ಕೆಗಳೂ ಸರಿಯಾಗಿ ಸಾಧನದಲ್ಲಿ ಕೂರುತ್ತವೆ.

ಕೈಯಿಂದಲೇ ವಿವರ ತುಂಬುವವರು ಸಾಮಾನ್ಯವಾಗಿ ಎಡವುವುದು ಬಳಕೆದಾರ ಹೆಸರಿನಲ್ಲಿ. ರೆಲ್ಮ್ ಇಲ್ಲದ ಗಿಡ್ಡ ಹೆಸರು ತವರಿನಲ್ಲಿ ಕೆಲಸ ಮಾಡಿದರೂ ಹೊರಗೆ ಮಾಡದು. ಕೋರಿಕೆ ಎಲ್ಲಿಗೆ ಹೋಗಬೇಕೆಂದು ಅಲ್ಲಿನ ಸರ್ವರ್‌ಗೆ ತಿಳಿಯುವುದಿಲ್ಲ. ಗುಪ್ತಪದ ಬದಲಿಸಿದ ನಂತರ ಹಳೆಯ ಫೋನಿನಲ್ಲಿ ಅದನ್ನು ತಿದ್ದಲು ಮರೆತರೆ, ಚೀಲದಲ್ಲಿರುವ ಆ ಫೋನು ಹಳೆಯ ಗುಪ್ತಪದದಿಂದ ಪದೇ ಪದೇ ಪ್ರಯತ್ನಿಸಿ ಇಡೀ ಖಾತೆಯೇ ತಾತ್ಕಾಲಿಕವಾಗಿ ಬಂದ್ ಆಗುವುದುಂಟು.

ಭದ್ರತೆ

ಎಡ್ಯುರೋಮ್ ಎಂಬ ಹೆಸರಿನ ಜಾಲವನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಚಹಾ ಅಂಗಡಿಯಲ್ಲಿ ಕುಳಿತವನೊಬ್ಬ ತನ್ನ ಲ್ಯಾಪ್‌ಟಾಪಿನಿಂದ ಇದೇ ಹೆಸರಿನ ನಕಲಿ ಜಾಲವನ್ನು ಬಿತ್ತರಿಸಿದರೆ, ದಾರಿಯಲ್ಲಿ ಹೋಗುವವರ ಫೋನುಗಳು ಜೇಬಿನಲ್ಲಿದ್ದಂತೆಯೇ ಅದಕ್ಕೆ ಸೇರಲು ಯತ್ನಿಸುತ್ತವೆ. ತಾನಾಗಿ ಸೇರಿಕೊಳ್ಳುವ ಅನುಕೂಲವೇ ಇಲ್ಲಿ ಅಪಾಯದ ಬಾಗಿಲು. ಈ ವಂಚನೆಯನ್ನು ತಡೆಯುವುದು ಒಂದೇ ಒಂದು ಸಂಗತಿ: ಸಾಧನವು ಗುಪ್ತಪದದ ಮಾತೆತ್ತುವ ಮೊದಲು ಎದುರಿನ ಸರ್ವರ್‌ನ ಪ್ರಮಾಣಪತ್ರವನ್ನು ಪರಿಶೀಲಿಸಿ, ಅದು ನಿಜವಾಗಿ ತವರು ಸಂಸ್ಥೆಯದೇ ಎಂದು ಖಚಿತಪಡಿಸಿಕೊಳ್ಳುವುದು.

ಬಹುಕಾಲ ಅನೇಕ ಸಂಸ್ಥೆಗಳ ಸೂಚನಾಪತ್ರಗಳೇ ಪ್ರಮಾಣಪತ್ರವನ್ನು 'ಪರಿಶೀಲಿಸಬೇಡಿ' ಎಂಬ ಆಯ್ಕೆಯನ್ನು ಒತ್ತಲು ಹೇಳುತ್ತಿದ್ದವು. ಸಹಾಯ ಕೇಂದ್ರಕ್ಕೆ ಬರುವ ದೂರುಗಳು ಇದರಿಂದ ಕಡಿಮೆಯಾಗುತ್ತಿದ್ದವು ನಿಜ, ಆದರೆ ಕಳೆದುಕೊಳ್ಳುತ್ತಿದ್ದುದು ಇಡೀ ವ್ಯವಸ್ಥೆಯ ರಕ್ಷಣೆಯನ್ನೇ. ಬಹಳಷ್ಟು ಕಡೆ ಬಳಕೆಯಲ್ಲಿರುವ ಪೀಪ್ ವಿಧಾನದಲ್ಲಿ ಸುರಂಗದೊಳಗೆ ಗುಪ್ತಪದದ ಪರಿಶೀಲನೆಗೆ ಎಂಎಸ್‌ಚಾಪ್ ಎರಡನೆಯ ಆವೃತ್ತಿ ಬಳಕೆಯಾಗುತ್ತದೆ. ಸುರಂಗದ ಇನ್ನೊಂದು ತುದಿಯಲ್ಲಿ ವಂಚಕನಿದ್ದರೆ ಈ ವಿಧಾನವನ್ನು ಭೇದಿಸುವುದು ಒಂದು 56 ಬಿಟ್ ಕೀಲಿಯನ್ನು ಹುಡುಕುವಷ್ಟಕ್ಕೆ ಇಳಿಯುತ್ತದೆಂದು ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ 2012ರಲ್ಲಿ ತೋರಿಸಿದರು. ಅಂದರೆ ಗುಪ್ತಪದ ಎಷ್ಟೇ ಉದ್ದವಾಗಿದ್ದರೂ ಪ್ರಯೋಜನವಿಲ್ಲ. ಅದೇ ಗುಪ್ತಪದ ಮಿಂಚಂಚೆಗೂ ಪರೀಕ್ಷಾ ಫಲಿತಾಂಶದ ತಾಣಕ್ಕೂ ಅನ್ವಯಿಸುವ ಕಡೆಗಳಲ್ಲಿ ಹಾನಿ ವೈ-ಫೈಗೆ ಸೀಮಿತವಾಗಿರುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್ 11ರ ಪರಿಷ್ಕರಣೆಯೊಂದು 'ಪರಿಶೀಲಿಸಬೇಡಿ' ಎಂಬ ಆಯ್ಕೆಯನ್ನು ತೆಗೆದುಹಾಕಿತು. ಇದರಿಂದ ಹಳೆಯ ಸೂಚನಾಪತ್ರಗಳು ನಿರುಪಯುಕ್ತವಾದವು.

ಗುಪ್ತಪದವನ್ನೇ ಬಿಟ್ಟು ಪ್ರತಿ ಸಾಧನಕ್ಕೂ ಪ್ರತ್ಯೇಕ ಪ್ರಮಾಣಪತ್ರ ನೀಡುವ ಇಎಪಿ-ಟಿಎಲ್‌ಎಸ್ ವಿಧಾನ ಇದಕ್ಕಿಂತ ಸುರಕ್ಷಿತ. ಅದರಲ್ಲಿ ಕದಿಯಲು ಗುಪ್ತಪದವೇ ಇರುವುದಿಲ್ಲ. ಫೋನು ಕಳೆದರೆ ಆ ಒಂದು ಪ್ರಮಾಣಪತ್ರವನ್ನು ರದ್ದುಗೊಳಿಸಿದರಾಯಿತು.

ಲಾಗಿನ್ ಪುಟದ ವ್ಯವಸ್ಥೆಯೊಡನೆ ಹೋಲಿಕೆ

ಅನೇಕ ಆವರಣಗಳಲ್ಲಿ ಇಂದಿಗೂ ಕ್ಯಾಪ್ಟಿವ್ ಪೋರ್ಟಲ್ ಬಳಕೆಯಲ್ಲಿದೆ. ಇಲ್ಲಿ ಸಾಧನ ಮೊದಲು ಜಾಲಕ್ಕೆ ಸೇರಿ, ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಪುಟದಲ್ಲಿ ಬಳಕೆದಾರ ಲಾಗಿನ್ ಆಗಬೇಕು. ಸಾಧನದ ಎಂಎಸಿ ವಿಳಾಸವನ್ನು ಕಚೇರಿಯಲ್ಲಿ ನೋಂದಾಯಿಸುವ ಪದ್ಧತಿಯೂ ಇದೆ. ಆದರೆ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಫೋನುಗಳು ಬಳಕೆದಾರನ ಗೋಪ್ಯತೆಗಾಗಿ ಜಾಲಕ್ಕೊಂದರಂತೆ ಕೃತಕ ಎಂಎಸಿ ವಿಳಾಸವನ್ನು ತೋರಿಸುತ್ತವೆ. ಹೀಗಾಗಿ ನೋಂದಾಯಿತ ಸಾಧನವೇ ಅಪರಿಚಿತವಾಗಿ ಕಂಡು ಸಂಪರ್ಕ ತಪ್ಪುವುದು ಈ ಆವರಣಗಳಲ್ಲಿ ಮಾಮೂಲಿ ದೂರಾಗಿದೆ. ಎಡ್ಯುರೋಮ್ ಜಾಲದಲ್ಲಿ ಲಾಗಿನ್ ಪುಟ ಬರುವುದೇ ಇಲ್ಲ. ಆ ಹೆಸರಿನ ಜಾಲವೊಂದು ಬ್ರೌಸರ್‌ನಲ್ಲಿ ಗುಪ್ತಪದ ಕೇಳಿದರೆ ಅದನ್ನು ನಕಲಿಯೆಂದೇ ತಿಳಿಯಬೇಕು.

ವೇಗದ ವಿಷಯದಲ್ಲಿ ಎರಡೂ ವ್ಯವಸ್ಥೆಗಳು ಒಂದೇ. ಒಂದು ಆಕ್ಸೆಸ್ ಪಾಯಿಂಟ್‌ನ ಪ್ರಸಾರ ಸಮಯವನ್ನು ಅದಕ್ಕೆ ಸೇರಿದ ಎಲ್ಲ ಸಾಧನಗಳೂ ಹಂಚಿಕೊಳ್ಳುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪರಸ್ಪರ ಅಡ್ಡಬಾರದ ಚಾನೆಲ್‌ಗಳೆಂದು ಸಾಮಾನ್ಯವಾಗಿ ಬಳಕೆಯಾಗುವುದು 1, 6 ಮತ್ತು 11 ಈ ಮೂರು ಮಾತ್ರ. ತುಂಬಿದ ಉಪನ್ಯಾಸ ಸಭಾಂಗಣದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಬಲ್ಲ ಸಾಧನಗಳಿಗೆ ಸಂಪರ್ಕ ಸುಗಮ.

ಭಾರತದಲ್ಲಿ

ಅರ್ನೆಟ್ ಯೋಜನೆ 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಹಾಗೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭವಾಯಿತು. ಅದರಲ್ಲಿ ಮೊದಲಿಗೆ ಪಾಲ್ಗೊಂಡ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ದೇಶದ ಶಿಕ್ಷಣ ಸಂಸ್ಥೆಗಳ 'ಎಸಿ ಡಾಟ್ ಇನ್' ವಿಳಾಸಗಳ ನೋಂದಣಿಯೂ ಅರ್ನೆಟ್‌ನದೇ ಹೊಣೆ.

ಸದಸ್ಯತ್ವ ಪಡೆಯಲು ಸಂಸ್ಥೆಯೊಂದು ತನ್ನ ಎಲ್ಲ ಬಳಕೆದಾರರ ನವೀಕೃತ ಪಟ್ಟಿಯನ್ನೂ ಸದಾ ಚಾಲನೆಯಲ್ಲಿರುವ ರೇಡಿಯಸ್ ಸರ್ವರನ್ನೂ ನಿರ್ವಹಿಸಬೇಕಾಗುತ್ತದೆ. ದೊಡ್ಡ ಸಂಸ್ಥೆಗಳಿಗೆ ಇದು ಭಾರವಲ್ಲ. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಸಣ್ಣ ಕಾಲೇಜಿಗೆ ಪರಿಸ್ಥಿತಿ ಬೇರೆ: ಅಲ್ಲಿನ ವಿದ್ಯಾರ್ಥಿ ಪದವಿ ಪಡೆಯುವುದು ವಿಶ್ವವಿದ್ಯಾಲಯದಿಂದಲೇ ಆದರೂ, ಅದರ ಗಣಕ ಖಾತೆ ಅವನಿಗೆ ಇಲ್ಲದಿದ್ದರೆ ಎಡ್ಯುರೋಮ್ ಕೂಡ ಇಲ್ಲ. ಇಂಥ ಸಂಸ್ಥೆಗಳಿಗಾಗಿ ಸರ್ವರ್‌ನ ಹೊಣೆಯನ್ನು ಕೇಂದ್ರೀಯವಾಗಿ ವಹಿಸಿಕೊಂಡು, ಬಳಕೆದಾರರಿಗೆ ನೇರವಾಗಿ ಪ್ರಮಾಣಪತ್ರ ವಿತರಿಸುವ ಸೇವೆಯನ್ನು ಜಿಯಾಂಟ್ ರೂಪಿಸಿದೆ. ಅದನ್ನು ಒದಗಿಸುವ ನಿರ್ಧಾರ ಆಯಾ ದೇಶದ ನಿರ್ವಾಹಕ ಸಂಸ್ಥೆಗೆ ಸೇರಿದ್ದು.